ಸಾಲಕ್ಕೆ ಮೊದಲು ಮಣ್ಣಿನ ಹದ

ಪ್ರಶ್ನೆ: ನನಗೆ 28 ವರ್ಷ. ಕಲಬುರಗಿಯಲ್ಲಿ ಚಿತ್ರಕಲೆ ಓದಿ ಹುಮನಾಬಾದಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಕಳೆದ ವರ್ಷ ಬೆಂಗಳೂರಿನಲ್ಲಿ ಹತ್ತು ದಿನದ ಸೆರಾಮಿಕ್ ಶಿಬಿರಕ್ಕೆ ಹೋಗಿಬಂದ ಮೇಲೆ ಬ್ರಷ್ ಹಿಡಿಯಲು ಮನಸ್ಸೇ ಬರುತ್ತಿಲ್ಲ. ಕೆಲಸ ಬಿಟ್ಟು, ಐದು ಲಕ್ಷ ಸಾಲ ಮಾಡಿ ಬಸವಕಲ್ಯಾಣದಲ್ಲಿ ಸ್ಟುಡಿಯೊ ತೆರೆಯಬೇಕೆಂದಿದ್ದೇನೆ. ಅಪ್ಪ, ‘ನಾವೇನು ಕುಂಬಾರರಾ? ಓದಿಸಿದ್ದು ಗಡಿಗಿ ಮಾಡಲಿಕ್ಕಾ?’ ಎಂದು ಮಾತು ಬಿಟ್ಟಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಹುಮನಾಬಾದ

ಉತ್ತರ: ತಂಗಿ, ನಿಮ್ಮ ಅಪ್ಪನ ಮಾತಿನಲ್ಲಿ ದುಡ್ಡಿನ ಭಯವೂ ಇದೆ, ಜಾತಿಯ ಸಂಕೋಚವೂ ಇದೆ. ಮೊದಲನೆಯದು ನ್ಯಾಯವಾದದ್ದು. ಎರಡನೆಯದಕ್ಕೆ ಕಲ್ಯಾಣದ ನೆಲದಲ್ಲೇ ಉತ್ತರವಿದೆ. ಹರಿಹರ ಕವಿ ಕುಂಬಾರ ಗುಂಡಯ್ಯನ ಮೇಲೆ ರಗಳೆಯನ್ನೇ ಬರೆದ. ಗುಂಡಯ್ಯ ನಮ್ಮ ಭಾಲ್ಕಿಯವನೆಂದು ಈ ಭಾಗದ ಜನ ಹೆಮ್ಮೆಪಡುತ್ತಾರೆ. ಅವನ ಹೆಂಡತಿ ಕೇತಲದೇವಿ ವಚನಕಾರ್ತಿ. ಆಕೆಯ ವಚನ ಮಣ್ಣಿನ ಹದದ ಮಾತಿನಿಂದಲೇ ಶುರುವಾಗುತ್ತದೆ. ಜಗಳಕ್ಕೆ ನಿಲ್ಲದೆ ಅಪ್ಪನಿಗೆ ಇದನ್ನು ಓದಿ ಹೇಳಿ.

ಇನ್ನು ಸಾಲದ ಮಾತು. ಈ ವರ್ಷ ಬೇಡ. ಕೆಲಸವನ್ನೂ ಬಿಡಬೇಡಿ. ನಿಮ್ಮ ಆಸೆಯ ಮೇಲೆ ನನಗೆ ಅನುಮಾನವಿಲ್ಲ. ಹೆಸರಾದ ಬ್ರಿಟಿಷ್ ಕುಂಬಾರ ಬರ್ನಾರ್ಡ್ ಲೀಚ್ ಕೂಡ ಮೊದಲು ನಿಮ್ಮ ಹಾಗೆ ಚಿತ್ರಕಾರನೇ. 1911ರಲ್ಲಿ ಜಪಾನಿನ ಒಂದು ಕೂಟದಲ್ಲಿ ತಾನು ಬಣ್ಣ ಬರೆದ ಪಾತ್ರೆ ಕಣ್ಣೆದುರೇ ಸುಟ್ಟು ಹೊರಬಂದದ್ದನ್ನು ನೋಡಿ ಮರುಳಾದ. ಆಮೇಲೆ ಗುರುವಿನ ಹತ್ತಿರ ಕೂತು ಕಲಿತ. ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಜಪಾನಿನ ಕುಂಬಾರ ಹಮಾದಾ ಶೋಜಿಯ ಜೊತೆ ಹೆಸರಾಂತ ಸ್ಟುಡಿಯೊ ಕಟ್ಟಿದ್ದು 1920ರಲ್ಲಿ. ನಡುವೆ ಒಂಬತ್ತು ವರ್ಷ.

ಶಿಬಿರದಲ್ಲಿ ನಿಮ್ಮ ಕೈಗೆ ಬಂದದ್ದು ಬಹುಶಃ ಚೀಲದಲ್ಲಿ ಸಿದ್ಧವಾಗಿ ಬಂದ ಮಣ್ಣು. ನಮ್ಮ ಕಡೆಯ ಎರೆಮಣ್ಣು ಬೇರೆಯೇ ಸ್ವಭಾವದ್ದು. ಒಣಗುವಾಗ ಬಹಳ ಕುಗ್ಗುತ್ತದೆ, ಸೀಳುತ್ತದೆ. ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ. ಪಾತ್ರೆ ಚೆನ್ನಾಗಿ ಸುಟ್ಟು ಬಂತೆಂದು ಕಪಾಟಿನಲ್ಲಿಟ್ಟಿರುತ್ತೀರಿ. ವಾರ ಕಳೆಯುವಷ್ಟರಲ್ಲಿ ಒಳಗಿನ ಹರಳು ಗಾಳಿಯ ತೇವ ಹೀರಿ ಅರಳುತ್ತದೆ, ಮೈಮೇಲಿನ ಚಕ್ಕೆ ಟಪ್ಪನೆ ಹಾರುತ್ತದೆ, ಗುಂಡಿಯಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಗಿರಾಕಿಯ ಮನೆಯಲ್ಲಿ ಹೀಗಾದರೆ ಅವರು ತಿರುಗಿ ಬರುವುದಿಲ್ಲ. ಅದಕ್ಕೇ ಮಣ್ಣಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಬುರುಗು ಎದ್ದರೆ ಸುಣ್ಣವಿದೆ. ನೀರಿನಲ್ಲಿ ಕದಡಿ ತೆಳು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ 10 ಸೆಂಟಿಮೀಟರ್ ಉದ್ದದ ಪಟ್ಟಿ ಮಾಡಿ, ಒಣಗಿದ ಮೇಲೆ ಒಮ್ಮೆ, ಸುಟ್ಟ ಮೇಲೆ ಒಮ್ಮೆ ಅಳೆಯಿರಿ. ಹುಮನಾಬಾದ್ ಕಡೆಯ ಕೆಮ್ಮಣ್ಣು, ಕೆರೆಯ ಮಣ್ಣು, ಬೂದಿ, ಸಣ್ಣ ಮರಳು ಬೇರೆಬೇರೆ ಪಾಲಿನಲ್ಲಿ ಬೆರೆಸಿ ಇಂಥ ಹತ್ತು ಪಟ್ಟಿ ಮಾಡಿ. ಖರ್ಚು ಏನೂ ಇಲ್ಲ.

ಇನ್ನೊಂದು ಮಾತು. ಊರ ಆವಿಗೆಯ ಬೆಂಕಿ ಬೇರೆ, ಸ್ಟೋನ್‌ವೇರಿಗೆ ಬೇಕಾದ 1200 ಡಿಗ್ರಿ ದಾಟಿದ ಬೆಂಕಿ ಬೇರೆ. ಆ ಶಾಖಕ್ಕೆ ಊರ ಮಣ್ಣು ಉಬ್ಬಿ ಕುಸಿಯುತ್ತದೆ. ಯಾವ ಮಣ್ಣಿನಲ್ಲಿ ಕೆಲಸ ಮಾಡುತ್ತೀರೆಂದು ಗೊತ್ತಾಗದೆ ಕರೆಂಟಿನ ಭಟ್ಟಿ ಕೊಂಡರೆ ಸಾಲ ಮಾತ್ರ ಉಳಿದೀತು.

ರಜೆಯ ದಿನಗಳಲ್ಲಿ ನಿಮ್ಮ ಹತ್ತಿರದ ಕುಂಬಾರರ ಮನೆಗೆ ಹೋಗಿ, ಕೇಳಿಕೊಂಡು ತಿಗರಿಯ ಪಕ್ಕ ಕೂಡಿರಿ. ಮಣ್ಣೆತ್ತಿನ ಅಮಾವಾಸ್ಯೆಯ ಮುಂಚಿನ ವಾರಗಳಲ್ಲಂತೂ ತಪ್ಪಿಸಬೇಡಿ. ಅವರು ಕಲಿಸಿದ್ದಕ್ಕೆ ಕೂಲಿ ಕೊಡಿ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಮೊದಲ ಹಂತದಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ ಸಿಗುತ್ತದೆ. ಅದು ಮನೆತನದ ಕಸುಬುದಾರರಿಗೆ ಇರುವುದು, ನಿಮಗಲ್ಲ. ಆದರೆ ಅವರ ಅರ್ಜಿ ತುಂಬಲು ಓದಿದ ನೀವು ನೆರವಾಗಬಹುದು. ನಿಮಗೆ ಕ್ರಮವಾಗಿ ಕಲಿಯಬೇಕೆನಿಸಿದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಿದೆ, ವಿಚಾರಿಸಿ.

ನಿಮ್ಮ ಕೈಯಿಂದ ಆದ ಮೊದಲ ಗಡಿಗೆಯಲ್ಲಿ ಬೇಸಿಗೆಗೆ ನೀರು ತುಂಬಿ ಅಪ್ಪನಿಗೆ ಕುಡಿಯಲು ಕೊಡಿ. ಹತ್ತು ಪಟ್ಟಿಗಳಲ್ಲಿ ಎಷ್ಟು ಸೀಳಿದವು, ಎಷ್ಟು ಉಳಿದವೆಂದು ನನಗೆ ಬರೆಯಿರಿ. ಸ್ಟುಡಿಯೊದ ಲೆಕ್ಕವನ್ನು ಆಗ ಕೂತು ಹಾಕೋಣ.