ಚಿತ್ರದಲ್ಲಿ ಉದ್ದವಿಲ್ಲ, ಅನುಪಾತವಿದೆ: ಮಾದರಿ ರೈಲಿನ ಛಾಯಾಚಿತ್ರಗಳ ಮೂಲಕ ಒಂದು ಗಣಿತ ಪಾಠ

ಬೋಧನಾಭ್ಯಾಸಕ್ಕೆ ಅನುಪಾತದ ಘಟಕವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಕೊರತೆಯಿಲ್ಲ. ಲೆಕ್ಕಗಳು ಚಿಕ್ಕವು, ಒಂದು ಅವಧಿಯಲ್ಲಿ ಮುಗಿಯುತ್ತವೆ ಎಂಬ ಧೈರ್ಯ. ಪಾನಕಕ್ಕೆ ಬೆಲ್ಲ ಎಷ್ಟು, ನೀರು ಎಷ್ಟು. ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಎಷ್ಟು ಕಿಲೋಮೀಟರ್. ಮಕ್ಕಳು ಗುಣಿಸುತ್ತಾರೆ, ಭಾಗಿಸುತ್ತಾರೆ, ಉತ್ತರ ಸರಿ ಬರುತ್ತದೆ. ಅದೇ ಮಕ್ಕಳಿಗೆ, 'ಒಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಹೊರಗೆ ಬಳಿಯುವ ಬಣ್ಣ ಎಷ್ಟು ಪಾಲು ಸಾಕು?' ಎಂದು ಕೇಳಿ ನೋಡಿ. 'ಹತ್ತರಲ್ಲಿ ಒಂದು' ಎಂಬ ಉತ್ತರವೇ ಮೊದಲು ಬರುತ್ತದೆ. ಗಣಿತ ಬೋಧಕರಿಗೆ ಇದು ಹಳೆಯ ಪರಿಚಯದ ತಪ್ಪು. ಅನುಪಾತವೆಂದರೆ ಭಾಗಿಸಬೇಕಾದ ಒಂದು ಸಂಖ್ಯೆ ಎಂದು ಮಗು ಕಲಿತಿದೆ. ಎರಡು ಅಳತೆಗಳ ನಡುವಣ ಸಂಬಂಧ ಎಂದು ಕಲಿತಿಲ್ಲ.

ಈ ಸಂಬಂಧವನ್ನು ಕಣ್ಣಿಗೆ ಕಾಣಿಸಲು ಮಾದರಿ ರೈಲು ಕಟ್ಟುವ ಹವ್ಯಾಸಿಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಫೋಟೋಗಳು ಬಹಳ ಒಳ್ಳೆಯ ಸಾಮಗ್ರಿ. ಎರಡು ಅವಧಿಗಳ ಪಾಠವೊಂದನ್ನು ಅವುಗಳ ಸುತ್ತ ಹೇಗೆ ಕಟ್ಟಬಹುದೆಂದು ಇಲ್ಲಿ ವಿವರಿಸಿದ್ದೇನೆ. ಪಾಠಕ್ಕೆ ಮುನ್ನ ಶಿಕ್ಷಕರಿಗೆ ಹವ್ಯಾಸದ ಸ್ವಲ್ಪ ಪರಿಚಯ ಬೇಕು. ಆ ಭಾಗ ತುಸು ಉದ್ದವಾಗಿದೆ, ಏಕೆಂದರೆ ಪಾಠದ ಜೀವ ಅಲ್ಲಿದೆ.

ಹಳಿ, ನಿಲ್ದಾಣ, ಗುಡ್ಡ, ಸೇತುವೆ, ಊರು ಎಲ್ಲವನ್ನೂ ಸೇರಿಸಿ ಹಲಗೆಯ ಮೇಲೆ ಕಟ್ಟಿದ ರೈಲುಲೋಕಕ್ಕೆ ಹವ್ಯಾಸಿಗಳು 'ಲೇಔಟ್' ಎನ್ನುತ್ತಾರೆ. (ನಮ್ಮ ಮಕ್ಕಳಿಗೆ ಆ ಪದ ಕೇಳಿದೊಡನೆ ನಿವೇಶನಗಳು ನೆನಪಾಗುತ್ತವೆ, ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು.) ಅಮೆರಿಕದಲ್ಲಿ ಈ ಹವ್ಯಾಸಕ್ಕೆಂದೇ 'ಮಾಡೆಲ್ ರೈಲ್‌ರೋಡರ್' ಪತ್ರಿಕೆ 1934ರಲ್ಲಿ ಮಿಲ್ವಾಕಿಯಿಂದ ಹೊರಟಿತು. ಮರುವರ್ಷ ರಾಷ್ಟ್ರೀಯ ಮಾದರಿ ರೈಲು ಸಂಘ ಹುಟ್ಟಿ, ಒಬ್ಬರ ಬೋಗಿ ಇನ್ನೊಬ್ಬರ ಹಳಿಯ ಮೇಲೆ ಓಡುವಂತೆ ಸಾಮಾನ್ಯ ಅಳತೆಗಳನ್ನು ಗೊತ್ತುಮಾಡುವ ಕೆಲಸ ಹಿಡಿಯಿತು. ಬೇರೆ ಬೇರೆ ಊರುಗಳಲ್ಲಿ ನೆಲಮಾಳಿಗೆಗಳಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಕಂಡದ್ದು ಹೆಚ್ಚಾಗಿ ಫೋಟೋಗಳಲ್ಲೇ.

ಇದಕ್ಕೆ ಜಾನ್ ಅಲೆನ್ ಅವರ ಉದಾಹರಣೆ ಸಾಕು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಅವರು ವೃತ್ತಿಯಿಂದ ಛಾಯಾಗ್ರಾಹಕರು. 'ಗೋರಿ ಅಂಡ್ ಡಿಫೀಟೆಡ್' ಎಂದು ಉಚ್ಚರಿಸುವ ತಮಾಷೆಯ ಹೆಸರಿನ ಅವರ ಲೇಔಟ್‌ನಲ್ಲಿ ಎಂಜಿನ್ನುಗಳಿಗೆ ಮಸಿ ಹಿಡಿದಿತ್ತು, ಕಟ್ಟಡಗಳ ಬಣ್ಣ ಮಾಸಿತ್ತು. ಕನ್ನಡಿಗಳನ್ನಿಟ್ಟು ಜಾಗವನ್ನು ದೊಡ್ಡದಾಗಿ ಕಾಣಿಸಿದ್ದರು. ಅವರು 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಲೇಔಟ್‌ನ ಬಹುಭಾಗ ಹಾಳಾಯಿತು. ಇಂದಿಗೂ ಹವ್ಯಾಸಿಗಳು ಅವರ ಕೆಲಸದಿಂದ ಕಲಿಯುತ್ತಿರುವುದು, ಅವರು ತೆಗೆದು ಹಂಚಿದ ಫೋಟೋಗಳಿಂದ.

ಈಗ ಅಳತೆಗೆ ಬರೋಣ. ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಎಚ್‌ಓ, ಅಂದರೆ 'ಹಾಫ್ ಓ'. 'ಓ' ಪ್ರಮಾಣದಲ್ಲಿ ಒಂದು ಅಡಿಗೆ 7 ಮಿ.ಮೀ.; ಅದರ ಅರ್ಧ 3.5 ಮಿ.ಮೀ. ಒಂದು ಅಡಿ 304.8 ಮಿ.ಮೀ. ಆದ್ದರಿಂದ 3.5ರಿಂದ ಭಾಗಿಸಿದರೆ 87.1; ಸಾಮಾನ್ಯವಾಗಿ 1:87 ಎಂದು ಬರೆಯುತ್ತಾರೆ. ಅಮೆರಿಕ, ಯೂರೋಪುಗಳ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ.; 87ರಿಂದ ಭಾಗಿಸಿದರೆ ಹದಿನಾರೂವರೆ. ಎಚ್‌ಓ ಹಳಿಗಳ ನಡುವಣ ಅಂತರವೂ 16.5 ಮಿ.ಮೀ. ಅಲ್ಲಿಗೆ ಲೆಕ್ಕ ಕೂಡಿತು.

ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ ಹತ್ತಿರ ಹತ್ತಿರ 19.3 ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ ಮಾತ್ರ 16.5ರದು. ಹಾಗಾಗಿ ಭಾರತೀಯ ರೈಲನ್ನು ಈ ಪ್ರಮಾಣದಲ್ಲಿ ಕಟ್ಟುವವರು ಸಾಮಾನ್ಯವಾಗಿ ಸರಿಯಾದ ಬೋಗಿಯನ್ನು ಕಿರಿದಾದ ಹಳಿಯ ಮೇಲೆ ನಿಲ್ಲಿಸುತ್ತಾರೆ. ಬ್ರಿಟನ್ನಿನವರದೂ ಇದೇ ಪಾಡು. ಅಲ್ಲಿನ ಎಂಜಿನ್ನುಗಳು ಚಿಕ್ಕವಾದ್ದರಿಂದ 1:87ರಲ್ಲಿ ಮೋಟಾರು ಹಿಡಿಸುತ್ತಿರಲಿಲ್ಲ. ಆದ್ದರಿಂದ ಒಡಲನ್ನು 1:76.2ಕ್ಕೆ ಹಿಗ್ಗಿಸಿದರು, ಹಳಿಯನ್ನು ಹಾಗೆಯೇ ಬಿಟ್ಟರು. ಅದೇ ಅವರ 'ಓಓ' ಪ್ರಮಾಣ. ನ್ಯಾಯವಾಗಿ ಅಲ್ಲಿ ಹಳಿಯ ಅಂತರ 18.83 ಮಿ.ಮೀ. ಇರಬೇಕು.

ಈ ದೋಷ ಫೋಟೋದಲ್ಲಿ ಕಾಣುತ್ತದೆಯೇ? ಪಕ್ಕದಿಂದ ತೆಗೆದರೆ ಕಾಣುವುದಿಲ್ಲ. ಎದುರಿನಿಂದ ತೆಗೆದರೆ ತಕ್ಷಣ ಕಾಣುತ್ತದೆ: ದಪ್ಪ ಮನುಷ್ಯ ಸಣ್ಣ ಸ್ಟೂಲಿನ ಮೇಲೆ ಕೂತಂತೆ. ಅನುಭವಿ ಹವ್ಯಾಸಿಗೆ ಪಕ್ಕದ ನೋಟದ ಚೆಂದದ ಫೋಟೋ ತೋರಿಸಿದರೆ ಆತ ಕೇಳುವುದು ಎದುರಿನಿಂದ ತೆಗೆದದ್ದನ್ನು. ಇದರಲ್ಲಿ ಕುಹಕವೇನಿಲ್ಲ. ಯಾವ ಕೋನ ಯಾವುದನ್ನು ಮುಚ್ಚುತ್ತದೆ ಎಂಬುದು ಆತನಿಗೆ ಗೊತ್ತು, ಅಷ್ಟೆ.

ಇಂಥ ಇನ್ನೂ ಕೆಲವು ಪರೀಕ್ಷೆಗಳಿವೆ. 160 ಸೆಂ.ಮೀ. ಎತ್ತರದಲ್ಲಿರುವ ಮನುಷ್ಯನ ಕಣ್ಣು 1:87ರಲ್ಲಿ ನೆಲದಿಂದ ಸುಮಾರು 18 ಮಿ.ಮೀ. ಮೇಲಿರುತ್ತದೆ. ಕ್ಯಾಮೆರಾ ಅದಕ್ಕಿಂತ ಬಹಳ ಮೇಲಿದ್ದರೆ ವಿಮಾನದಿಂದ ನೋಡಿದಂತಾಗಿ, ಆಟಿಕೆಯೆಂಬುದು ಗೊತ್ತಾಗಿಬಿಡುತ್ತದೆ. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಅದರ ಮಸೂರ ನೆಲಕ್ಕೆ ಹತ್ತಿರವಾಗುತ್ತದೆ, ಸರಳ ಉಪಾಯ. ಎರಡು ಟ್ಯೂಬ್‌ಲೈಟ್ ಇದ್ದರೆ ಒಂದು ಕಂಬಕ್ಕೆ ಎರಡು ನೆರಳು ಬೀಳುತ್ತವೆ, ಬಿಸಿಲಿನಲ್ಲಿ ಹಾಗಾಗದು. ಒಂದು ಮಿಲಿಮೀಟರ್ ದಪ್ಪದ ದಾರ ಚಿತ್ರದಲ್ಲಿ 87 ಮಿ.ಮೀ. ದಪ್ಪದ ಹಗ್ಗ. ತೀರಾ ಹತ್ತಿರದಿಂದ ತೆಗೆದಾಗ ಮುಂದಿನ, ಹಿಂದಿನ ವಸ್ತುಗಳು ಮಸುಕಾಗುತ್ತವೆ. ಆ ಮಸುಕನ್ನು ಕಂಡೇ ನಮ್ಮ ಕಣ್ಣು 'ಇದು ಚಿಕ್ಕದು' ಎನ್ನುತ್ತದೆ. ಅದನ್ನು ಕಡಿಮೆ ಮಾಡಲು ಕಿರಿದಾದ ದ್ಯುತಿರಂಧ್ರ, ಅಲುಗಾಡದ ಸ್ಟ್ಯಾಂಡ್, ದೀರ್ಘ ಒಡ್ಡಿಕೆ ಬಳಸುತ್ತಾರೆ. ಫೋಕಸ್ ಬದಲಿಸುತ್ತಾ ತೆಗೆದ ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವರೂ ಇದ್ದಾರೆ.

ಮೊದಲ ಅವಧಿ. ಪೂರ್ವಜ್ಞಾನಕ್ಕೆ ರೈಲಿಗಿಂತ ದಸರೆಯ ಗೊಂಬೆ ಹಬ್ಬ ಒಳ್ಳೆಯದು. ಗೊಂಬೆಗಳ ಕೆಳಗೆ ಉದ್ಯಾನ, ಮೃಗಾಲಯ, ಆಟಿಕೆ ರೈಲು ಜೋಡಿಸಿ, ರಾಗಿ ಚೆಲ್ಲಿ ಪೈರು ಬೆಳೆಸುವುದನ್ನು ಎಷ್ಟೋ ಮಕ್ಕಳು ಕಂಡಿರುತ್ತಾರೆ. ಆ ರೈಲು 1:87ರದಾಗಿದ್ದರೆ ಐದು ಸೆಂಟಿಮೀಟರ್ ರಾಗಿ ಪೈರು ನಿಜದಲ್ಲಿ ಎಷ್ಟು ಎತ್ತರದ ಹುಲ್ಲಾದೀತು? 4.35 ಮೀಟರ್. ನಮ್ಮ ಸಾಮಾನ್ಯ ಐಸಿಎಫ್ ಬೋಗಿಯ ಚಾವಣಿ ಹಳಿಯಿಂದ 4.025 ಮೀಟರ್ ಎತ್ತರದಲ್ಲಿದೆ. ಹುಲ್ಲಿನಲ್ಲಿ ರೈಲೇ ಮುಳುಗಿತು! ಮಕ್ಕಳು ನಗುತ್ತಾರೆ, ಒಂದೇ ಪ್ರಮಾಣ ಎಲ್ಲದಕ್ಕೂ ಅನ್ವಯಿಸಬೇಕು ಎಂಬ ಮಾತು ಆ ನಗುವಿನೊಡನೆ ಒಳಗೆ ಹೋಗುತ್ತದೆ. ಗೊಂಬೆ ಹಬ್ಬದಲ್ಲಿ ಪ್ರಮಾಣ ಪಾಲಿಸಬೇಕೆಂದೇನಿಲ್ಲ, ಅದರ ಚೆಲುವೇ ಬೇರೆ ಎಂದೂ ಹೇಳಿಬಿಡಿ. ಮನೆಗೆ ಹೋಗಿ ಅಜ್ಜಿಯ ಗೊಂಬೆಗಳಲ್ಲಿ ತಪ್ಪು ಹುಡುಕುವುದು ಬೇಡ.

ಬಳಿಕ ಎದುರು ನೋಟದ ಎರಡು ಚಿತ್ರ ಕೊಡಿ: ಒಂದು ನಿಜವಾದ ಬೋಗಿಯದು, ಇನ್ನೊಂದು 16.5ರ ಹಳಿಯ ಮೇಲಿನ ಮಾದರಿಯದು. ಯಾವುದರ ಅಳತೆಯನ್ನೂ ಹೇಳಬೇಡಿ. ಪಟ್ಟಿಯಿಂದ ಎರಡೇ ಅಳತೆ ತೆಗೆಯಲಿ: ಬೋಗಿಯ ಅಗಲ, ನೇರ ಅದರ ಕೆಳಗೆ ಹಳಿಗಳ ಒಳಅಂಚುಗಳ ನಡುವಣ ಅಂತರ. ನಿಜವಾದ ಐಸಿಎಫ್ ಬೋಗಿಯ ಅಗಲ 3245 ಮಿ.ಮೀ.; 1676ರಿಂದ ಭಾಗಿಸಿದರೆ 1.94. ಮಾದರಿಯಲ್ಲಿ 37.3ನ್ನು 16.5ರಿಂದ ಭಾಗಿಸಿದರೆ 2.26. ಚಿತ್ರವನ್ನು ಅಂಗೈಯಗಲ ಮುದ್ರಿಸಿ, ಗೋಡೆಯಗಲ ಬಿಂಬಿಸಿ, ಈ ಸಂಖ್ಯೆಗಳು ಬದಲಾಗುವುದಿಲ್ಲ. ಪಾಠದ ತಿರುಳು ಇದೇ. ಫೋಟೋ ಉದ್ದವನ್ನು ಕಳೆದುಕೊಂಡಿರುತ್ತದೆ, ಅನುಪಾತವನ್ನು ಉಳಿಸಿಕೊಂಡಿರುತ್ತದೆ. ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮುನ್ನ ಎರಡು ಬೇರೆ ಗಾತ್ರದ ಮುದ್ರಣಗಳಿಂದ ಮಕ್ಕಳೇ ಈ ಮಾತು ಹೇಳುವವರೆಗೆ ಕಾಯಬೇಕು. ಇಲ್ಲಿ ಅವಸರ ಮಾಡುವ ಪ್ರಶಿಕ್ಷಣಾರ್ಥಿಯ ಪಾಠ ಮತ್ತೆ ಪಾನಕದ ಲೆಕ್ಕಕ್ಕೇ ಮರಳುತ್ತದೆ.

ಒಂದು ಎಚ್ಚರಿಕೆ: ಕ್ಯಾಮೆರಾದಿಂದ ಒಂದೇ ದೂರದಲ್ಲಿರುವ ಅಳತೆಗಳನ್ನಷ್ಟೇ ಹೋಲಿಸಬಹುದು. ಕಾಲ ಬುಡದ ಹಳಿಯನ್ನೂ ದೂರದ ಬೋಗಿಯನ್ನೂ ಹೋಲಿಸಿದವನಿಗೆ ಉತ್ತರ ಕೆಡುತ್ತದೆ. ಕೆಡಲಿ, ಏಕೆಂದು ಚರ್ಚಿಸಿ. ಇನ್ನೊಂದು ಎಚ್ಚರಿಕೆ ಗಣಿತದ್ದಲ್ಲ. ನಿಜವಾದ ಹಳಿಯನ್ನು ಅಳೆದು ಬನ್ನಿ ಎಂದು ಮಕ್ಕಳನ್ನು ಎಂದೂ ರೈಲುಹಾದಿಗೆ ಕಳಿಸಬಾರದು. ಹಳಿ ಪ್ರವೇಶ ಅಪಾಯವೂ ಹೌದು, ಅಪರಾಧವೂ ಹೌದು. ಟೇಪು ಹಿಡಿದು ಅಳೆಯಲೇಬೇಕಾದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ, ಅನುಮತಿ ಪಡೆದು ಅಳೆಯಬಹುದು.

ಎರಡನೇ ಅವಧಿ. ಮಕ್ಕಳು ಗುಂಪುಗಳಲ್ಲಿ ರಟ್ಟಿನ ಬೋಗಿ ಮಾಡಲಿ: ಉದ್ದ 245 ಮಿ.ಮೀ., ಅಗಲ 37, ಹಳಿಯಿಂದ ಚಾವಣಿಗೆ 46. ಈ ಸಂಖ್ಯೆಗಳನ್ನು ನಾವೇ ಕೊಡದೆ, 21.337 ಮೀ., 3.245 ಮೀ., 4.025 ಮೀ. ಎಂಬ ನಿಜ ಅಳತೆಗಳಿಂದ ಅವರೇ ಲೆಕ್ಕಹಾಕಬೇಕು. ಊದಿನಕಡ್ಡಿಗಳನ್ನು ಹಳಿಯಾಗಿ ಅಂಟಿಸಲಿ. ಕೆಲವು ಗುಂಪುಗಳು 19 ಮಿ.ಮೀ. ಅಂತರದಲ್ಲಿ, ಕೆಲವು ಹದಿನಾರೂವರೆಯಲ್ಲಿ. ಯಾರು ಯಾವುದೆಂಬುದು ಗುಟ್ಟು. ಶಿಕ್ಷಕರ ಒಂದೇ ಮೊಬೈಲಿನಿಂದ ಪ್ರತಿ ಗುಂಪೂ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಲಿ. ಕಪ್ಪು-ಬಿಳುಪು ಮುದ್ರಣ ಸಾಕು. ಮುದ್ರಣ ಮರುದಿನ ಬಂದರೂ ಚಿಂತೆಯಿಲ್ಲ. ಚಿತ್ರಗಳು ಕೈಬದಲಾದ ಮೇಲೆ, ಪಡೆದ ಗುಂಪು ಮಾದರಿಯನ್ನು ನೋಡದೆ, ಹಳಿ ಯಾವುದೆಂದು ಸಾಧಿಸಿ ತೋರಿಸಬೇಕು. ಮೊದಲು ಪಕ್ಕದ ಚಿತ್ರ ಕೊಡಿ. ತಿಣುಕಾಡಿ 'ಇದರಿಂದ ಆಗದು, ಎದುರಿನದು ಕೊಡಿ' ಎಂದು ಮಕ್ಕಳೇ ಕೇಳಲಿ.

ಮುದ್ರಣದ ಗಾತ್ರಕ್ಕೆ ಗಮನವಿರಲಿ. ಚಿತ್ರದಲ್ಲಿ ಬೋಗಿ 45 ಮಿ.ಮೀ., ಹಳಿ 20 ಮಿ.ಮೀ. ಬಂದರೆ ಅನುಪಾತ 2.25. ಹಳಿಯನ್ನು ತಪ್ಪಾಗಿ 21 ಎಂದು ಓದಿದರೂ 2.14 ಬರುತ್ತದೆ, ತೀರ್ಪು ಕೆಡದು. ಅದೇ ಚಿತ್ರ ಚಿಕ್ಕದಾಗಿ, ಬೋಗಿ 20, ಹಳಿ 9 ಬಂದಿದ್ದರೆ? ಒಂದು ಮಿಲಿಮೀಟರ್ ತಪ್ಪಿದರೆ 2.22 ಇದ್ದದ್ದು 2.0 ಆಗಿ, ಎರಡು ಹಳಿಗಳಲ್ಲಿ ಯಾವುದೆಂದು ಹೇಳುವುದೇ ಕಷ್ಟವಾಗುತ್ತದೆ. ಅಳತೆಯ ದೋಷ ಉತ್ತರದಲ್ಲಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇಷ್ಟು ಸಹಜವಾದ ಪ್ರಸಂಗ ಪ್ರೌಢಶಾಲಾ ಗಣಿತದಲ್ಲಿ ಅಪರೂಪ.

ಬಣ್ಣದ ಪ್ರಶ್ನೆಗೆ ಈಗ ಮರಳಬಹುದು. 1:87ರ ಬೋಗಿಯ ಹೊರಮೈ ನಿಜದ್ದರ 7,569ರಲ್ಲಿ ಒಂದು ಪಾಲು, ಘನಫಲ 6,58,503ರಲ್ಲಿ ಒಂದು ಪಾಲು. ಸುಮಾರು 40 ಟನ್ ತೂಗುವ ಬೋಗಿ ಅದೇ ಲೆಕ್ಕದಲ್ಲಿ 61 ಗ್ರಾಂ ಆಗಬೇಕು. ಮೇಲೆ ಹೇಳಿದ ಸಂಘವು ಎಚ್‌ಓ ಬೋಗಿಗೆ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ತೂಕ ಇರಲೆಂದು ಶಿಫಾರಸು ಮಾಡುತ್ತದೆ. ನಮ್ಮ 245 ಮಿ.ಮೀ. ಬೋಗಿಗೆ ಅದು ಸುಮಾರು 165 ಗ್ರಾಂ. ಹಗುರಾದರೆ ಹಳಿ ತಪ್ಪುತ್ತದೆ. ತಿರುವುಗಳೂ ಹಾಗೆಯೇ: ನಮ್ಮ ಬ್ರಾಡ್‌ಗೇಜಿನ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್, ಮಾದರಿಯಲ್ಲಿ ಎರಡು ಮೀಟರ್ ಆಗಬೇಕು. ಮನೆಯ ಕೋಣೆಯಲ್ಲಿ ಅಷ್ಟು ಜಾಗವೆಲ್ಲಿ? ಹವ್ಯಾಸಿಗಳು ಅರ್ಧ ಮೀಟರಿಗಿಂತ ಕಡಿಮೆ ತ್ರಿಜ್ಯದಲ್ಲೂ ತಿರುಗಿಸುತ್ತಾರೆ. ಯಾವ ಅಳತೆ ಪ್ರಮಾಣಕ್ಕೆ ಬಗ್ಗುತ್ತದೆ, ಯಾವುದನ್ನು ಬೇಕೆಂದೇ ಬಿಟ್ಟುಕೊಡಲಾಗಿದೆ ಎಂದು ಮಕ್ಕಳು ಎರಡು ಪಟ್ಟಿ ಮಾಡಲಿ. ನನ್ನ ಮಟ್ಟಿಗೆ ಈ ಘಟಕದ ಮೌಲ್ಯಮಾಪನಕ್ಕೆ ಆ ಪಟ್ಟಿಗಳು ಹತ್ತು ಲೆಕ್ಕಗಳಿಗಿಂತ ಮೇಲು.

ಕಾಲೇಜಿನ ಕೊಠಡಿಗೂ ಈ ರೂಢಿಯನ್ನು ತರಬಹುದು. ಬೋಧನಾಭ್ಯಾಸದ ಪಾಠೋಪಕರಣಗಳು ವೀಕ್ಷಣೆಯ ದಿನ ಥಳಥಳಿಸಿ, ಪ್ರಾಯೋಗಿಕ ಪರೀಕ್ಷೆ ಮುಗಿದ ಮೇಲೆ ಮೂಲೆ ಸೇರುತ್ತವೆ. ರೆಕಾರ್ಡ್ ಪುಸ್ತಕದಲ್ಲಿ ಉಳಿಯುವುದು ಸಿದ್ಧಗೊಂಡ ಮಾದರಿಯ ಒಂದು ಚಂದದ ಫೋಟೋ, ಪಕ್ಕದಲ್ಲಿ 'ಉಪಕರಣ ಆಕರ್ಷಕವಾಗಿತ್ತು' ಎಂಬ ಸಹಪಾಠಿಯ ಟಿಪ್ಪಣಿ. ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗೆ ಇದರಿಂದ ಏನೂ ಸಿಗುವುದಿಲ್ಲ. ಅರ್ಧ ಕಟ್ಟಿದಾಗಿನ ಒಂದು ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟ ಒಂದು ಚಿತ್ರ, ಹಿಂದಿನ ಬೆಂಚಿನ ಮಗುವಿನ ಕಣ್ಣೆತ್ತರದಿಂದ ತೆಗೆದ ಒಂದು ಚಿತ್ರ, ಈ ಮೂರನ್ನು ಕಡ್ಡಾಯ ಮಾಡೋಣ. ಸಹಪಾಠಿಯ ಟಿಪ್ಪಣಿಯಲ್ಲಿ ಇಂಥದೊಂದು ಪ್ರಶ್ನೆಯಾದರೂ ಇರಲಿ: 'ಎದುರಿನಿಂದ ಹೇಗೆ ಕಾಣುತ್ತದೆ?' ಅಲಂಕಾರಕ್ಕೆ ಕೊಡುವ ಅಂಕಗಳನ್ನು ಸ್ವಲ್ಪ ಇಳಿಸಿದರೂ ನಷ್ಟವಿಲ್ಲ.

ಸಮಯ ಉಳಿದರೆ ಮೊಗಸಾಲೆಗೆ ಬನ್ನಿ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರಂ 1507 ಮೀಟರ್, 1:87ರಲ್ಲಿ 17.3 ಮೀಟರ್. ಸೀಮೆಸುಣ್ಣದಿಂದ ಅಷ್ಟುದ್ದ ಗೆರೆ ಎಳೆದು ಒಂದು ತುದಿಯಲ್ಲಿ ರಟ್ಟಿನ ಬೋಗಿ ಇಡಿ. ಮೊಬೈಲನ್ನು ತಲೆಕೆಳಗಾಗಿ ನೆಲಕ್ಕಿಟ್ಟು, ಇನ್ನೊಂದು ತುದಿಯತ್ತ ನೋಡುವಂತೆ ಒಂದು ಚಿತ್ರ ತೆಗೆಯಲಿ. ಬಫರಿನಿಂದ ಬಫರಿಗೆ 22.297 ಮೀಟರಿನ ಎಷ್ಟು ಬೋಗಿಗಳು ಈ ಗೆರೆಯ ಮೇಲೆ ಸಾಲಾಗಿ ನಿಲ್ಲಬಹುದು ಎಂದು ಮೊದಲು ಚಿತ್ರ ನೋಡಿ ಊಹಿಸಲಿ, ಆಮೇಲೆ ಲೆಕ್ಕ ಮಾಡಲಿ. ಉತ್ತರ 67.