ಮನೆಯಲ್ಲಿದ್ದರೂ ನೀವು ನೌಕರರೇ

ಮಕ್ಕಳೇ, ಗೂಡಲೂರು, ಮಸಿನಗುಡಿ, ಊಟಿ ಸುತ್ತಿನ ಹಟ್ಟಿಗಳಲ್ಲಿ ಈಗ ಎಷ್ಟೋ ಮನೆಗಳಲ್ಲಿ ನಿಮ್ಮಂಥವರು ಲ್ಯಾಪ್‌ಟಾಪ್ ಮುಂದೆ ಕೂತು ಬೆಂಗಳೂರಿನದೋ ಕೊಯಮತ್ತೂರಿನದೋ ಕಂಪನಿಗೆ ದುಡಿಯುತ್ತಿದ್ದೀರಿ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವರು ಕೆಲವರು ಇಲ್ಲೇ ಉಳಿದಿರಿ. ಕಣ್ಣೆದುರಿಗೆ ಇದ್ದೀರಲ್ಲ ಎಂದು ಹೆತ್ತವರಿಗೆ ಸಮಾಧಾನ. ಆದರೆ ಮೊನ್ನೆ ಹುಡುಗಿಯೊಬ್ಬಳು, ‘ಮನೇಲಿ ಕೂತು ಮಾಡೋ ಕೆಲಸ ತಾನೇ ತಾತ, ಇದಕ್ಕೆಲ್ಲ ಪಿಎಫ್ ಯಾಕೆ ಕೊಡ್ತಾರೆ?’ ಎಂದು ನನ್ನನ್ನೇ ಕೇಳಿದಳು. ಆ ಮಾತು ನನ್ನ ನಿದ್ದೆ ಕೆಡಿಸಿದೆ. ಮನೆಯೊಳಗಿನ ದುಡಿಮೆಗೆ ಕಾನೂನು ಇಲ್ಲವೆಂದು ಯಾರು ನಿಮ್ಮನ್ನು ನಂಬಿಸಿದ್ದರೂ ಅದು ಸುಳ್ಳು.

ಮನೆಯಲ್ಲಿ ಕೂತು ದುಡಿಯುವವರು ನೌಕರರೋ ಅಲ್ಲವೋ ಎಂಬ ಜಗಳ ತೀರ್ಮಾನವಾಗಿ ನಾಲ್ಕು ದಶಕ ದಾಟಿತು. ಅದನ್ನು ತೀರ್ಮಾನಿಸಿಕೊಟ್ಟದ್ದು ಬೀಡಿ ಕಟ್ಟುವವರ ಪ್ರಕರಣಗಳು. ಮಂಗಳೂರು, ಕಾಸರಗೋಡು ಕಡೆ ಹೆಂಗಸರು ಮೊರ ಮಡಿಲಲ್ಲಿಟ್ಟುಕೊಂಡು ಮನೆಯ ಜಗಲಿಯಲ್ಲೇ ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪು ಕಂಪನಿಯದು, ಬೆರಳು ಮಾತ್ರ ಅವರದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಹೀಗೆ ಮನೆಯಲ್ಲಿ ಕಟ್ಟುವವರನ್ನೂ ನೌಕರರ ಸಾಲಿಗೆ ಸೇರಿಸಿತು. ಮಂಗಳೂರಿನ ಗಣೇಶ್ ಬೀಡಿ ವರ್ಕ್ಸ್ ಮತ್ತಿತರ ಮಾಲೀಕರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ ಪಿಎಫ್ ವಿಷಯ ಬಂದಾಗ ಬೀಡಿ ಮಾಲೀಕರು, ‘ಅವರು ಕೆಲಸ ಮಾಡುವುದು ಅವರವರ ಮನೆಯಲ್ಲಿ, ನಮ್ಮ ಮೇಲ್ವಿಚಾರಣೆ ಎಲ್ಲಿದೆ?’ ಎಂದು ವಾದಿಸಿದರು. 1985ರಲ್ಲಿ, ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ, ಕೋರ್ಟು ಈ ವಾದ ಒಪ್ಪಲಿಲ್ಲ. ಕಟ್ಟಿದ ಬೀಡಿ ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಮಾಲೀಕನ ಕೈಯಲ್ಲಿದ್ದರೆ ಮೇಲ್ವಿಚಾರಣೆಯೂ ಅವನದೇ ಎಂದಿತು.

ಈಗ ನಿಮ್ಮ ಕೆಲಸ ನೆನೆಸಿಕೊಳ್ಳಿ. ರಾತ್ರಿ ಹತ್ತಕ್ಕೆ ಟೀಮ್ ಲೀಡರ್ ‘ಇದು ಸರಿಯಿಲ್ಲ, ಮತ್ತೆ ಮಾಡು’ ಎಂದು ಫೈಲು ವಾಪಸ್ ಕಳಿಸುತ್ತಾನಲ್ಲ, ಅದು ಇದೇ ಹಕ್ಕು. ಲಾಗಿನ್ ಹೊತ್ತು ಅವರದು, ರಜೆ ಕೊಡುವವರು ಅವರು, ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ ನಂಬರಿನ ಚೀಟಿಯೂ ಅವರದು. ಇಷ್ಟೆಲ್ಲ ಇದ್ದೂ ಒಪ್ಪಂದದಲ್ಲಿ ನಿಮ್ಮನ್ನು ‘ಕನ್ಸಲ್ಟೆಂಟ್’ ಎಂದು ಬರೆದಿದ್ದರೆ ಸಹಿ ಹಾಕುವ ಮುಂಚೆ ಕಾರಣ ಕೇಳಿ. ಆ ಒಂದು ಪದದಿಂದ ಪಿಎಫ್, ಗ್ರಾಚ್ಯುಟಿ, ಹೆರಿಗೆ ರಜೆ ಎಲ್ಲವನ್ನೂ ತಪ್ಪಿಸಿಕೊಳ್ಳಲು ನೋಡುವವರಿದ್ದಾರೆ. ಕೋರ್ಟುಗಳು ಕಾಗದದ ಹೆಸರಿಗೆ ನಿಲ್ಲದೆ ಕೆಲಸದ ರೀತಿಯನ್ನು ನೋಡುತ್ತವೆ, ನಿಜ. ಆದರೆ ಆ ರೀತಿಯನ್ನು ತೋರಿಸಬೇಕಾದವರು ನೀವು.

ತೋರಿಸುವುದು ಹೇಗೆ? ನಾನು ಟೀ ತೋಟದ ಆಫೀಸಿನಲ್ಲಿ ಚೆಕ್‌ರೋಲ್ ಬರೆದು ಬದುಕಿದವನು. ಬೆಳಿಗ್ಗೆ ಹೆಸರು ಕೂಗುವುದು, ಸಂಜೆ ಸೊಪ್ಪು ತೂಗಿ ಹೆಸರಿನ ಮುಂದೆ ಕಿಲೋ ಬರೆಯುವುದು. ಸಂಬಳದ ದಿನ ತಕರಾರು ಎದ್ದರೆ ಎಲ್ಲರೂ ಬಗ್ಗಿ ನೋಡುತ್ತಿದ್ದದ್ದು ಆ ಗೆರೆಯನ್ನೇ. ನಿಮ್ಮ ಅಜ್ಜಿಯರಿಗೆ 1951ರ ತೋಟ ಕಾರ್ಮಿಕರ ಕಾಯ್ದೆಯ ಹೆಸರು ಗೊತ್ತಿತ್ತೋ ಇಲ್ಲವೋ, ಚೆಕ್‌ರೋಲಿನಲ್ಲಿ ತಮ್ಮ ಹೆಸರು ಬಿದ್ದಿದೆಯೇ ಎಂದು ನೋಡದೆ ಮನೆಗೆ ಹೋಗುತ್ತಿರಲಿಲ್ಲ. ನಿಮಗೆ ಹಾಗೆ ಬರೆದಿಡುವ ಗುಮಾಸ್ತನಿಲ್ಲ. ಕೆಲಸಕ್ಕೆ ಕೂತ ಹೊತ್ತು, ಎದ್ದ ಹೊತ್ತು, ಭಾನುವಾರ ಮಾಡಿಸಿದ ಕೆಲಸ ಎಲ್ಲವನ್ನೂ ನೀವೇ ಬರೆದಿಡಿ. ಮೇಲು, ಸಂಬಳದ ಚೀಟಿ, ನೇಮಕಾತಿ ಪತ್ರ ನಿಮ್ಮ ಸ್ವಂತ ಖಾತೆಯಲ್ಲಿರಲಿ. ಕೆಲಸ ಹೋದ ದಿನ ಕಂಪನಿಯ ಖಾತೆ ಮುಚ್ಚಿಬಿಡುತ್ತಾರೆ. ಕಂಪನಿಯ ಗುಟ್ಟಿನ ಕಡತಗಳನ್ನು ಮಾತ್ರ ಮುಟ್ಟಬೇಡಿ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಮಾಲೀಕನ ಕರ್ತವ್ಯ. ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಇಷ್ಟು ವರ್ಷಕ್ಕೆಂದು ಅವಧಿ ಹಾಕಿ ತೆಗೆದುಕೊಂಡವರಿಗೆ ಐದು ವರ್ಷ ಕಾಯದೆ, ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಉಂಟು. ಇಪ್ಪತ್ತು ಜನರಿರುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. ನಿಮ್ಮ ಸಂಬಳದಲ್ಲಿ ಹಿಡಿದ ಪಿಎಫ್ ಖಾತೆಗೆ ಬಿದ್ದಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ನೋಡಿ.

ನಮ್ಮ ಕಡೆಯ ಕಷ್ಟ ಬೇರೆಯೇ. ಆಡಿ ತಿಂಗಳ ಮಳೆಗೆ ಗೂಡಲೂರು, ದೇವಾಲ ಕಡೆ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಕೆಲಸ ಮಾಡದ ಹೊತ್ತಿಗೆ ಸಂಬಳ ಹಿಡಿಯಬಹುದು, ಆದರೆ ಅದರ ಮೇಲೆ ಮನಬಂದಂತೆ ದಂಡ ಹಾಕುವ ಹಾಗಿಲ್ಲ. ಯಾವ ತಪ್ಪಿಗೆ ದಂಡ ಎಂಬುದನ್ನು ಮೊದಲೇ ಪ್ರಕಟಿಸಿರಬೇಕು, ನಿಮ್ಮ ಮಾತು ಕೇಳಬೇಕು, ಒಂದು ಸಂಬಳದ ಅವಧಿಯಲ್ಲಿ ಅದು ಸಂಬಳದ ಶೇ. 3 ಮೀರಕೂಡದು. ಲ್ಯಾಪ್‌ಟಾಪ್ ಕೆಟ್ಟಿತೆಂದು ದುಡ್ಡು ಹಿಡಿಯುವುದಕ್ಕೂ ನಿಮ್ಮ ವಿವರಣೆ ಕೇಳಲೇಬೇಕು. ಕರೆಂಟು ಹೋದ ಕೂಡಲೇ ಸಿಗ್ನಲ್ ಸಿಗುವ ಕಡೆ ಹೋಗಿ ಫೋನಿನಿಂದ ಒಂದು ಮೇಲು ಹಾಕಿ. ಬರೀ ಫೋನ್ ಮಾಡಿ ಸುಮ್ಮನಾಗಬೇಡಿ.

ಹೆಣ್ಣುಮಕ್ಕಳೇ, ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳಸಹಿತ ಹೆರಿಗೆ ರಜೆ ಮನೆಯಿಂದ ದುಡಿಯುವವರಿಗೂ ಇದೆ. ‘ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಸ್ವಲ್ಪ ಮಾಡು’ ಎಂದರೆ ಒಪ್ಪಬೇಡಿ. ವಿಡಿಯೋ ಕರೆಯಲ್ಲಿ ಅಸಭ್ಯ ಮಾತು, ನಡುರಾತ್ರಿ ಕೆಟ್ಟ ಸಂದೇಶ ಬಂದರೆ ಅಳಿಸಬೇಡಿ, ತೆಗೆದಿಡಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕೆಲಸದ ಜಾಗದ ಲೆಕ್ಕದಲ್ಲಿ ಮನೆಯನ್ನೂ ಸೇರಿಸಿದೆ. ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಡಿ. ಹತ್ತು ಜನರಿಲ್ಲದ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು.

ಡೇಟಾ ಎಂಟ್ರಿ ಕೆಲಸ ಕೊಡುತ್ತೇವೆಂದು ಮೊದಲೇ ದುಡ್ಡು ಕೇಳುವವರಿಂದ ದೂರವಿರಿ. ಕೆಲಸ ತಪ್ಪಾಯಿತೆಂದು ಆಮೇಲೆ ವಕೀಲರ ನೋಟಿಸ್ ಕಳಿಸಿ ಹೆದರಿಸುವುದು ಅವರ ಕಸುಬು. ಹೆದರಿ ಮತ್ತೆ ದುಡ್ಡು ಹಾಕಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಂಪನಿಯ ಜೊತೆ ಜಗಳಕ್ಕೆ ನಿಲ್ಲಲು ಕೈಯಲ್ಲಿ ಕಾಸಿಲ್ಲ ಎಂದು ಕೊರಗಬೇಕಿಲ್ಲ. ಊಟಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಹೋಗುವಾಗ ನೇಮಕಾತಿ ಪತ್ರ, ಆರು ತಿಂಗಳ ಬ್ಯಾಂಕ್ ಲೆಕ್ಕ, ಪಿಎಫ್ ಪಾಸ್‌ಬುಕ್ಕಿನ ಪ್ರತಿ, ನೀವು ಬರೆದಿಟ್ಟ ದಿನಗಳ ಪುಸ್ತಕ ಒಯ್ಯಿರಿ.