ಹುಟ್ಟಿದ ಮರಿಯ ಮೊದಲ ಐದು ತಾಸು

ತಮ್ಮಾ, ಅವಳಿ ಈಯುವ ನಾರಿ ಸುವರ್ಣ ಕುರಿ ಸಾಕಲು ಹೊರಟಿದ್ದೀಯ, ಒಳ್ಳೆಯದು. ಆದರೆ ಅವಳಿ ಮರಿಗಳು ಸಾಮಾನ್ಯವಾಗಿ ಸಣ್ಣವು, ಬೇಗ ಸೋಲುತ್ತವೆ. ಅವು ಯಾಕೆ ಸೋಲುತ್ತವೆ ಎಂಬುದನ್ನು ಮೊದಲು ತಿಳಿದುಕೋ.

ಹೊಟ್ಟೆಯಲ್ಲಿರುವ ತನಕ ಮರಿಗೆ ತಾಯಿಯ ರಕ್ತದಿಂದ ಹೊಕ್ಕುಳಬಳ್ಳಿಯ ಮೂಲಕ ಸಕ್ಕರೆ ಬರುತ್ತಲೇ ಇರುತ್ತದೆ. ಬಳ್ಳಿ ಹರಿದ ಕ್ಷಣ ಅದು ನಿಲ್ಲುತ್ತದೆ. ಆಗ ಮರಿಯ ಮೈಯಲ್ಲಿ ಇನ್ಸುಲಿನ್ ಇಳಿದು, ಗ್ಲುಕಗಾನ್, ಅಡ್ರಿನಲಿನ್ ಏರುತ್ತವೆ. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಒಡೆದು ರಕ್ತಕ್ಕೆ ಸಕ್ಕರೆ ಸೇರುತ್ತದೆ. ಮೂತ್ರಪಿಂಡದ ಸುತ್ತಲಿನ ಕಂದು ಕೊಬ್ಬು ಉರಿದು ಮೈ ಕಾಯಿಸುತ್ತದೆ. ಇವೆರಡೂ ಮರಿ ತಂದ ದಾರಿಬುತ್ತಿ. ಹಾಲು ಸಿಗದಿದ್ದರೆ ಸುಮಾರು ಐದು ತಾಸಿನಲ್ಲಿ ತೀರುತ್ತಾ ಬರುತ್ತದೆ.

ಹಾಗಾಗಿ ಮರಿ ಬಿದ್ದೊಡನೆ ಒಣಬಟ್ಟೆಯಿಂದ ಒರೆಸು. ತಾಯಿಯ ತೊಟ್ಟು ಹಿಂಡಿ, ಮುಚ್ಚಿಕೊಂಡಿದ್ದ ಬಿರಡೆ ಬಿಡಿಸು. ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆ ಸೇರಲಿ. ಒಂದು ಸಲಕ್ಕೆ ಕೆ.ಜಿ. ತೂಕಕ್ಕೆ 50 ಮಿ.ಲೀ.; ಎರಡು ಕೆ.ಜಿ. ಮರಿಗೆ 100 ಮಿ.ಲೀ. ಮೊದಲ ದಿನ ಇಂಥ ನಾಲ್ಕು ಸಲವಾದರೂ ಆಗಬೇಕು.

ಮೂಲೆಯಲ್ಲಿ ಬೆನ್ನು ಗೂನಾಗಿಸಿ ನಿಂತ ಮರಿ ಕಂಡರೆ ಬಾಯೊಳಗೆ ಬೆರಳಿಡು. ಬಾಯಿ ತಣ್ಣಗಿದ್ದು, ಬೆರಳು ಚೀಪದಿದ್ದರೆ ಅಪಾಯ. ಥರ್ಮಾಮೀಟರ್ ಹಾಕಿ ನೋಡು: 39ರಿಂದ 40 ಡಿಗ್ರಿ ಸೆಲ್ಸಿಯಸ್ ಸರಿ, 37ಕ್ಕಿಂತ ಕೆಳಗಿದ್ದರೆ ಜೀವಕ್ಕೆ ಕುತ್ತು.

ಇಲ್ಲೇ ಬಹಳ ಜನ ಎಡವುತ್ತಾರೆ. ಹುಟ್ಟಿ ಐದು ತಾಸು ಕಳೆದ, ಹಸಿದ, ತಣ್ಣಗಾದ ಮರಿಯನ್ನು ನೇರವಾಗಿ ಬೆಂಕಿಯ ಹತ್ತಿರ ಇಡುತ್ತಾರೆ. ಮೈ ಬಿಸಿಯಾದಂತೆ ಸಕ್ಕರೆಯ ಬೇಡಿಕೆ ಏರುತ್ತದೆ, ರಕ್ತದಲ್ಲಿ ಸಕ್ಕರೆಯೇ ಇರುವುದಿಲ್ಲ. ಮಿದುಳು ಸೊರಗಿ, ಸೆಳೆತ ಬಂದು ಮರಿ ಸಾಯುತ್ತದೆ. ಮೊದಲು ಸಕ್ಕರೆ, ಆಮೇಲೆ ಶಾಖ. ತಲೆ ಎತ್ತಿ ನುಂಗುವ ಮರಿಗೆ ಗಿಣ್ಣದ ಹಾಲು ಕುಡಿಸಿ ಕಾಯಿಸು. ತಲೆ ಎತ್ತಲಾರದ ಮರಿಗೆ ಬಾಯಿಗೆ ಏನೂ ಹೊಯ್ಯಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶುವೈದ್ಯರನ್ನು ಕರೆಸು, ಅವರು ಗ್ಲೂಕೋಸ್ ದ್ರಾವಣವನ್ನು ಹೊಟ್ಟೆಯ ಪೊರೆಯೊಳಗೆ ಚುಚ್ಚುತ್ತಾರೆ. ಹುಟ್ಟಿ ಐದು ತಾಸಾಗದ ಮರಿ ಅಷ್ಟೊಂದು ತಣ್ಣಗಿದ್ದರೆ ಮಾತ್ರ ಒರೆಸಿ, ಕಾಯಿಸಿ, ಬಳಿಕ ಹಾಲು ಕೊಡು.

ಇನ್ನೊಂದು ಮಾತು. ಆ ಬುತ್ತಿ ಕಟ್ಟುವವಳು ತಾಯಿ. ಗಬ್ಬದ ಕೊನೆಯ ಆರು ವಾರದಲ್ಲೇ ಮರಿ ಹೆಚ್ಚು ಬೆಳೆಯುವುದು. ಆಗ ಮೇವಿನ ಜೊತೆಗೆ ಕಾಳು, ಹಿಂಡಿ ಕೊಡಲು ಲೆಕ್ಕ ಹಾಕಬೇಡ. ಮರಿ ಉಳಿಸುವ ಕೆಲಸ ಕುರಿ ಈಯುವ ಆರು ವಾರ ಮೊದಲೇ ಶುರುವಾಗಬೇಕು.